ಬೀಗರ ಮುಂದೆ ಹಿಂಬದಿ ಹಾಡು

ಜಪಾನಿನ ಹಮಾಮಾತ್ಸು ಊರಿನ ಶಿನೋಜಾಕಿ ಕುನಿಹಿಕೊಗೆ ಇಡೀ ಲೋಕದ ಮೇಲೆ ಒಂದೇ ಒಂದು ದೂರಿತ್ತು. ಜನಕ್ಕೆ ಎರಡನೇ ಹಾಡು ಕೇಳುವ ವ್ಯವಧಾನ ಇಲ್ಲ ಅಂತ. ಅವನು ಪ್ರಾಯದ ಹುಡುಗನಾಗಿದ್ದಾಗ ಅಂಗೈಯಗಲದ ಪುಟಾಣಿ ಸಿ.ಡಿ.ಗಳು ಉದ್ದನೆಯ ರಟ್ಟಿನ ಲಕೋಟೆಯಲ್ಲಿ ಬರುತ್ತಿದ್ದವು. ಒಂದೊಂದರಲ್ಲೂ ಎರಡು ಹಾಡು. ಮೊದಲನೆಯದು ಊರೆಲ್ಲ ಗುನುಗುವ ಹಾಡು. ಎರಡನೆಯದು, ಜಾಗ ಖಾಲಿ ಬಿಡಬಾರದಲ್ಲ ಅಂತ ತುಂಬಿದ ಹಾಡು. ಸಿ.ಡಿ.ಗೆ ಹಿಂಬದಿಯೇ ಇಲ್ಲದಿದ್ದರೂ ಅದಕ್ಕೆ ಬಿ-ಸೈಡ್ ಅಂತಲೇ ಹೆಸರು. (ಮನೆಯಲ್ಲಿ ಗಂಡನನ್ನು ಯಜಮಾನರು ಅನ್ನುತ್ತಾರಲ್ಲ, ಹಾಗೆ.) ಈ ಅನಾಥ ಹಾಡುಗಳಿಗೆಲ್ಲ ಕುನಿಹಿಕೊ ಏಕಮೇವ ಪೋಷಕ.

ಅವನ ಹೆಂಡತಿ ತೊಮೊಯೆಯ ದೂರು ಇನ್ನೂ ಚಿಕ್ಕದು. ಹಾಸಿಗೆ ಮಡಚಿಡುವ ಗೋಡೆಗೂಡಿನ ತುಂಬ ಸಿ.ಡಿ.ಗಳಿದ್ದವು, ಹಾಸಿಗೆಗಳು ಊಟದ ಮೇಜಿನ ಪಕ್ಕ ಬಂದು ಕೂತಿದ್ದವು.

"ರೀ, ಇದನ್ನೆಲ್ಲ ಯಾರಿಗಾದ್ರೂ ಕೊಟ್ಟು ಪುಣ್ಯ ಕಟ್ಕೊಳ್ಳಿ."

"ಯಾರಿಗೆ ಕೊಡ್ಲಿ? ಇವುಗಳ ಬೆಲೆ ತಿಳಿದೋನು ಈ ದೇಶದಲ್ಲಿ ನಾನೊಬ್ಬನೇ!"

"ಹಾಗಾದ್ರೆ ನಿಮ್ಮನ್ನೂ ಸೇರಿಸಿ ಕೊಟ್ಬಿಡ್ತೀನಿ ಬಿಡಿ."

ಹೀಗಿರುವಾಗ ಮಗಳು ಮಿಫುಯುವಿನ ಮದುವೆ ಗೊತ್ತಾಯಿತು. ಮದುವೆಯ ಊಟದ ಕೊನೆಗೆ ಮಗಳು ಅಪ್ಪ ಅಮ್ಮನಿಗೆ ಹೂಗುಚ್ಛ ಕೊಟ್ಟು ಅಳುವ (ಅಳಿಸುವ) ಘಟ್ಟ ಬರುತ್ತದಲ್ಲ, ಅದಕ್ಕೆ ಹಿನ್ನೆಲೆಗೊಂದು ಹಾಡು ಬೇಕಿತ್ತು. "ಅಪ್ಪಾ, ನೀವೇ ಆರಿಸಿ" ಅಂದಳು ಮಿಫುಯು. ಕುನಿಹಿಕೊ ಮೂರು ರಾತ್ರಿ ನಿದ್ದೆಗೆಟ್ಟು 'ಆಗಸ್ಟಿನ ಛತ್ರಿ' ಎಂಬ ಹಾಡನ್ನು ಆರಿಸಿದ. ಅದೇ ಸಿ.ಡಿ.ಯ ಮೊದಲನೇ ಹಾಡು ಯಾವುದೋ ಶರಬತ್ತಿನ ಜಾಹೀರಾತಿನಲ್ಲಿ ಬಂದು ದೇಶವನ್ನೇ ಕುಣಿಸಿತ್ತು, ಇದನ್ನು ಮಾತ್ರ ನಾಯಿಯೂ ಮೂಸಿರಲಿಲ್ಲ. ಶುರುವಿನ ಪಿಯಾನೊ ಕೇಳುತ್ತಲೇ ಮಿಫುಯು ಕಣ್ಣೊರೆಸಿಕೊಂಡು "ಸಾಕಪ್ಪಾ, ಇದೇ ಇರ್ಲಿ" ಎಂದುಬಿಟ್ಟಳು. ಸಿ.ಡಿ. ಕಲ್ಯಾಣ ಮಂಟಪದವರ ಕೈ ಸೇರಿತು. ಕುನಿಹಿಕೊ ಒಂದು ತಿಂಗಳು ನೆಲದ ಮೇಲೆ ನಡೆಯಲೇ ಇಲ್ಲ.

ಮದುವೆಯ ದಿನ ಅಲಂಕಾರದ ಕೋಣೆಯಲ್ಲಿ ತೊಮೊಯೆ ಕರಿ ಕಿಮೊನೊದ ನಡುಪಟ್ಟಿ ಬಿಗಿಸಿಕೊಳ್ಳುತ್ತಾ ಅದೇ ಹಾಡು ಗುನುಗುತ್ತಿದ್ದಳು. ಇದ್ದಕ್ಕಿದ್ದಂತೆ ನಿಲ್ಲಿಸಿದಳು.

"ರೀ, ಒಂದ್ನಿಮಿಷ. ಆ ಹಾಡಲ್ಲಿ ಅವಳು ಛತ್ರಿ ಯಾಕೆ ಮಡಚ್ತಾಳೆ?"

"ಮಳೆ ನಿಂತಿರುತ್ತೆ, ಮಡಚ್ತಾಳೆ. ಅದೇನು ಪ್ರಶ್ನೆ?"

"ಮಡಚಿ ಏನಂತಾಳೆ?"

ಕುನಿಹಿಕೊ ಕಣ್ಣು ಮುಚ್ಚಿ ಭಕ್ತಿಯಿಂದ ಶುರು ಮಾಡಿದ. "ಇಲ್ಲಿಗೆ ಮುಗೀತು ನಮ್ಮ ನಂಟು... ನೀ ಆ ಕಡೆ, ನಾ ಈ ಕಡೆ... ಬೇರೆಯಾಗೋಣ..." ಅವನ ದನಿ ಮೆಲ್ಲಗೆ ಹೊಟ್ಟೆಯೊಳಗೆ ಇಳಿಯಿತು. ಮೂವತ್ತು ವರ್ಷ ಬಾಯಿಪಾಠ ಹಾಡಿದ್ದ ಮಹಾನುಭಾವ, ಅರ್ಥದ ಗೊಡವೆಗೆ ಹೋದವನೇ ಅಲ್ಲ!

"ಅಯ್ಯೋ, ನಿಮ್ಮ ಮನೆ ಕಾಯ!" ತೊಮೊಯೆ ನಡುಪಟ್ಟಿ ಬಿಟ್ಟು ಅವನ ಕಡೆ ತಿರುಗಿದಳು. "ಅಲ್ಲಿ ಮಂಟಪದಲ್ಲಿ ಕಿಕುನೊ ಅಜ್ಜಿ ಬಂದು ಎದುರಿಗೇ ಕೂತಿದಾರಲ್ರೀ!"

ಮದುವೆ ಮಂಟಪದಲ್ಲಿ 'ಬೇರೆ' ಅನ್ನಬಾರದು, 'ಮುಗೀತು' ಅನ್ನಬಾರದು, ಅಪಶಕುನ. ಕೇಕನ್ನು ಸಹ ಕತ್ತರಿಸುವಂತಿಲ್ಲ, ಅದಕ್ಕೆ ಚಾಕು 'ಇಡುತ್ತಾರೆ' ಅಷ್ಟೇ. ಇದನ್ನೆಲ್ಲ ಈಗಿನವರು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ, ನಿಜ. ಆದರೆ ವರನ ಅಜ್ಜಿ ಕಿಕುನೊ ಈಗಿನವರಲ್ಲ. ಹಿಂದೆ ಯಾರದೋ ಮದುವೆಯ ಭಾಷಣದಲ್ಲಿ 'ಮತ್ತೆ ಮತ್ತೆ ಅಭಿನಂದನೆ' ಅಂದದ್ದಕ್ಕೆ (ಮತ್ತೆ ಅಂದರೆ ಎರಡನೇ ಮದುವೆಯಂತೆ!) ಸೂಪು ಬಿಟ್ಟು ಎದ್ದುಹೋದಾಕೆ. ಆ ಮನೆಗೆ ಸೊಸೆಯಾಗಿ ಹೋಗುವವಳು ಮಿಫುಯು. ಅಪ್ಪನ ಹಾಡಿನಿಂದ ಮಗಳು ಜೀವಮಾನವೆಲ್ಲ ಅಜ್ಜಿಯ ಕೊಂಕು ಕೇಳಬೇಕೆ?

ಕುನಿಹಿಕೊ ಉದ್ದ ಕೋಟಿನ ಬಾಲ ಹಾರಿಸಿಕೊಂಡು ಸೌಂಡ್ ಕೋಣೆಗೆ ಓಡಿದ. ಅಲ್ಲಿದ್ದ ಹೆಂಗಸು ಕಿವಿಯ ಹೆಡ್‌ಫೋನನ್ನು ಒಂದಿಷ್ಟೇ ಸರಿಸಿದಳು.

"ವಧು ಒಪ್ಪದೆ ಹಾಡು ಬದಲಾಯಿಸೋ ಹಾಗಿಲ್ಲ ಸಾರ್."

"ಬದಲಾಯಿಸಬೇಡಿ ತಾಯಿ! ಅದೇ ಸಿ.ಡಿ., ಅದೇ ಹಾಡು. ಎರಡನೇದು ಒತ್ತೋ ಬದಲು ನಾಲ್ಕನೇದು ಒತ್ತಿ. ಮನೇಲಿ ಹಾಡ್ಕೊಳ್ಳೋರಿಗೆ ಅಂತ ಎರಡು ಹಾಡಿಗೂ ಕೊನೇಲಿ ಬರೀ ವಾದ್ಯ ಕೊಟ್ಟಿರ್ತಾರೆ. ಮಾತೇ ಇಲ್ಲ!"

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ "ಆಗ್ಲಿ" ಅಂದಳು. ಅಷ್ಟು ಸಿಹಿಯಾದ ಮಾತನ್ನು ಕುನಿಹಿಕೊ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆ ಘಟ್ಟ ಬಂತು. ದೀಪಗಳು ಮಂದವಾದವು, ಬೀಗರು ಬೀಗಿತ್ತಿಯರು ಸಾಲಾಗಿ ನಿಂತರು. ವರನ ತಂದೆ ಓಗುಶಿಯವರ ವಂದನಾರ್ಪಣೆಗೆ ಅಂತ ಮೈಕನ್ನು ತಂದು ನಡುವೆ ನಿಲ್ಲಿಸಿದರು. ಪಿಯಾನೊ ಶುರುವಾಯಿತು. ಆಮೇಲೆ ಬರೀ ವಾದ್ಯ! ಕುನಿಹಿಕೊನ ಹೋದ ಜೀವ ಬಂದಂತಾಯಿತು. ಮಿಫುಯು ಹೂಗುಚ್ಛ ಅವನ ಕೈಗಿಟ್ಟು "ಅಪ್ಪಾ..." ಎಂದು ಬಿಕ್ಕಿದಳು. ಅವನಿಗೂ ಕಣ್ಣು ತುಂಬಿ ಬಂತು, ಎದೆ ಹಗುರಾಯಿತು, ಮೂವತ್ತು ವರ್ಷದ ಚಾಳಿ ನೋಡಿ, ಬಾಯಿ ತಂತಾನೇ ತೆರೆದುಕೊಂಡಿತು.

"ಇಲ್ಲಿಗೆ ಮುಗೀತು ನಮ್ಮ ನಂಟು... ಬೇರೆಯಾಗೋಣ..."

ಮೈಕು ಆನ್ ಆಗಿತ್ತು. ಮಂಟಪದ ಮೂಲೆಮೂಲೆಯಲ್ಲೂ ಬೇರೆಯಾಗೋಣ ಎಂಬುದು ಗಂಭೀರವಾಗಿ ಮೊಳಗಿತು. ವಾದ್ಯ ತಟಕ್ಕನೆ ನಿಂತಿತು. (ಸೌಂಡ್ ಕೋಣೆಯ ಪುಣ್ಯಾತ್ಗಿತ್ತಿಯ ಗಾಬರಿ.) ಕಿಕುನೊ ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟರು. ಮಿಫುಯುವಿನ ಮುಖ ಹೂಗುಚ್ಛಕ್ಕಿಂತ ಬೆಳ್ಳಗಾಯಿತು.

ಆಗ ತೊಮೊಯೆ ಮುಂದೆ ಬಂದು ಮೈಕಿಗೆ ಬಾಗಿ ನಮಸ್ಕರಿಸಿದಳು.

"ದೊಡ್ಡವರು ಕ್ಷಮಿಸಬೇಕು. ನಮ್ಮನೆಯವರಿಗೆ ಹಾಡಿನ ಹುಚ್ಚು. ಗೂಡಿನ ತುಂಬ ಸಿ.ಡಿ. ಕೂಡಿಟ್ಟಿದ್ರು. ಮಗಳು ಅಳಿಯ ಬಂದ್ರೆ ಹಾಸಿಗೆಗೆ ಜಾಗ ಬೇಕು ಅಂತ ಇವತ್ತು ಅದನ್ನೆಲ್ಲ ತ್ಯಾಗ ಮಾಡ್ತಿದಾರೆ. ನಂಟು ಮುಗೀತು ಅಂದಿದ್ದು ಆ ಸಿ.ಡಿ.ಗಳಿಗೆ!"

ಕುನಿಹಿಕೊ ಬಾಯಿ ತೆರೆದ. ತೊಮೊಯೆಯ ಹಿಮ್ಮಡಿ ಅವನ ಬೂಟಿನ ಮೇಲೆ ಕೂತಿತು. ಮುಚ್ಚಿದ.

"ಮಕ್ಕಳಿಗೋಸ್ಕರವಾ?" ಕಿಕುನೊ ಅಜ್ಜಿ ಎದ್ದೇ ನಿಂತರು. "ಎಂಥಾ ತಂದೆ! ಕಲೀರೋ, ನೋಡಿ ಕಲೀರಿ!" ಅಜ್ಜಿ ಚಪ್ಪಾಳೆ ತಟ್ಟಿದ್ದೇ ತಡ, ಮಂಟಪವೆಲ್ಲ ತಟ್ಟಿತು. ಓಗುಶಿಯವರು ಕುನಿಹಿಕೊನ ಎರಡೂ ಕೈ ಹಿಡಿದುಕೊಂಡರು. "ಬೀಗರೇ, ಅವು ಪರರ ಪಾಲಾಗೋದು ಬೇಡ. ನಮ್ಮನೆಗೇ ಕಳಿಸಿ. ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ತೀನಿ." ಮಿಫುಯು ನಗುತ್ತಲೇ ಅಳುತ್ತಿದ್ದಳು. ಆ ಮುಖ ನೋಡಿದ ಮೇಲೆ ಕುನಿಹಿಕೊಗೆ ಇನ್ನೇನೂ ಬೇಡವೆನಿಸಿತು, ನಿಜವಾಗಿ.

ಸಿ.ಡಿ.ಗಳು ಹೋದವು. ಗೂಡಿನೊಳಗೆ ಹಾಸಿಗೆಗಳು ಮರಳಿ ಬಂದು ವಿರಾಜಮಾನವಾದವು. ಹೋಗಲಿ, ಸಂಗೀತ ಬಲ್ಲವರ ಮನೆ ಸೇರಿದವಲ್ಲ ಎಂದು ಕುನಿಹಿಕೊ ಸಮಾಧಾನ ಮಾಡಿಕೊಂಡ. ಹತ್ತು ದಿನದ ಮೇಲೆ ಓಗುಶಿಯವರ ಫೋನ್ ಬಂತು.

"ಬೀಗರೇ, ಎಂಥಾ ಖಜಾನೆ ಕೊಟ್ರಿ! ದಿನಾ ಕೇಳ್ತಿದೀನಿ. ಆ ಶರಬತ್ತಿನ ಹಾಡಂತೂ, ಆಹಾ! ಪ್ರತಿಯೊಂದರದ್ದೂ ಮೊದಲನೇ ಹಾಡು ಅಮೃತ. ಆದ್ರೆ ಒಂದು ಮಾತು. ಅದಾದ್ಮೇಲೆ ಎರಡನೇದು ಅಂತ ಏನೋ ಒಂದು ಕಿರಿಕಿರಿ ಬರುತ್ತಲ್ಲ, ಅದನ್ನ ಯಾಕೆ ಹಾಕ್ತಿದ್ರು ಅಂತೀನಿ! ನಾನು ಶುರುವಾಗ್ತಿದ್ದ ಹಾಗೆ ಆಫ್ ಮಾಡ್ಬಿಡ್ತೀನಿ. ನೀವೂ ಹಾಗೇ ಮಾಡ್ತಿದ್ರಿ ತಾನೆ?"

ಒಳಗೆ ತೊಮೊಯೆ ಹೊಸದಾಗಿ ಮಡಚಿಟ್ಟ ಹಾಸಿಗೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಹೆಣ್ಣು ಕೊಟ್ಟ ಮನೆ. ಕುನಿಹಿಕೊ ಫೋನಿಗೇ ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಹೌದು ಬೀಗರೇ," ಅಂದ, "ನಾನೂ ಹಾಗೇ ಮಾಡ್ತಿದ್ದೆ."