ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಬದುಕಿರುವವರೆಗೆ ಅಮೆರಿಕದ ಗಾಡಿಯ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಸಾದುಲ್ಲಾ ಸಾರಿದ್ದು ಒಂದೆರಡು ಸಲವಲ್ಲ. ಅರಬ್ ನಾಡಿನ ಜುಬೈಲಿನ ಕಾರ್ಖಾನೆಯಲ್ಲಿ ಅವನ ಜೊತೆ ಟೀ ಕುಡಿದವರಿಗೆಲ್ಲ ಈ ಶಪಥ ಬಾಯಿಪಾಠವಾಗಿತ್ತು.

"ಅಮೆರಿಕದವರು ಗಾಡಿ ಬಿಡುವುದಲ್ಲ ಮಾರಾಯ, ಗಾಡಿಯೊಳಗೆ ಸಂಸಾರ ಮಾಡುವುದು" ಎಂದು ಅವನು ಶುರುಮಾಡುತ್ತಿದ್ದ. "ಕೂರುವವರು ನಾಲ್ಕು ಜನ, ಲೋಟ ಇಡ್ಲಿಕ್ಕೆ ಎಂಟು ಗುಂಡಿ! ಒಂದು ಬ್ರೆಡ್ಡು ತರ್ಲಿಕ್ಕೆ ಮನೆಯಷ್ಟು ದೊಡ್ಡ ಗಾಡಿ. ಕಾಫಿ ಕಿಟಕಿಯಲ್ಲಿ, ಮದ್ದು ಕಿಟಕಿಯಲ್ಲಿ, ಬ್ಯಾಂಕೂ ಕಿಟಕಿಯಲ್ಲಿ. ಇಳಿದು ನಡೆದರೆ ಕಾಲು ಸವೀತದಾ? ಕ್ಲಚ್ಚು ಗೇರಿನ ಗಾಡಿಯನ್ನು ಅಲ್ಲಿ ಕಳ್ಳ ಸಹ ಮುಟ್ಟುವುದಿಲ್ಲವಂತೆ. ಅವನಿಗೂ ಬಿಡ್ಲಿಕ್ಕೆ ಬರುವುದಿಲ್ಲ!"

ಹುಟ್ಟೂರು ವಿಟ್ಲದ ಗುಡ್ಡದ ರಸ್ತೆಗಳಲ್ಲಿ ಜೀಪು ಬಿಟ್ಟು ಕಲಿತವನು ಸಾದುಲ್ಲಾ. ಹತ್ತೊಂಬತ್ತು ವರ್ಷಗಳ ಅನುಭವ. ಅವನ ಪ್ರಕಾರ ಎಡಗಾಲು ಕ್ಲಚ್ಚಿನ ಮೇಲಿದ್ದವನು ಮಾತ್ರ ಚಾಲಕ, ಉಳಿದವರೆಲ್ಲ ಪ್ರಯಾಣಿಕರು. ಹೆಂಡತಿ ಉಝ್ಮಾ ತಿಂಗಳ ಹಿಂದೆ ಡ್ರೈವಿಂಗ್ ಶಾಲೆಗೆ ಹೋಗಿ ಲೈಸೆನ್ಸ್ ತಂದಾಗ ಅವನು ಅದನ್ನು ಎರಡೂ ಬದಿ ತಿರುಗಿಸಿ ನೋಡಿ, "ಕ್ಲಚ್ಚಿಲ್ಲದ ಆಟೋಮ್ಯಾಟಿಕ್ಕಿನದ್ದಲ್ವಾ? ಇರಲಿ, ಫೋಟೋ ಚೆನ್ನಾಗಿ ಬಂದಿದೆ" ಎಂದಿದ್ದ.

ಹೀಗಿರುವಾಗ ದಮ್ಮಾಮಿನ ಒಂದು ಕ್ಲಿನಿಕ್ಕಿನಿಂದ ಉಝ್ಮಾಳಿಗೆ ಸಂದರ್ಶನದ ಕರೆ ಬಂತು. ಲ್ಯಾಬ್ ಟೆಕ್ನೀಷಿಯನ್ ಕೆಲಸ. ಮದುವೆಯಾಗಿ ಬಂದ ಮೇಲೆ ಆರು ವರ್ಷ ಅವಳು ಕಾದಿದ್ದ ಕರೆ ಅದು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು, ದಾರಿ ಒಂದು ಗಂಟೆಯದ್ದು. ಅದೇ ದಿನ ಸಾದುಲ್ಲಾನ ಗೇರಿನ ಪುಟ್ಟ ಕಾರು ನೀರು ಸೋರಿಸಿಕೊಂಡು ಗ್ಯಾರೇಜಿನಲ್ಲಿ ಮಲಗಿತ್ತು!

ಕೆಳಗಿನ ಮನೆಯ ಅಬ್ದುಲ್ಲ ಕುಂಞಿ ಕ್ಯಾಂಟೀನು ನಡೆಸುವವರು, ಉದಾರಿ. ಊರಿಗೆ ಮರಳಿದ ಅಮೆರಿಕನ್ ಎಂಜಿನಿಯರೊಬ್ಬರಿಂದ ಕೊಂಡ ಹಳೆಯ ಗಾಡಿಯ ಕೀಲಿಯನ್ನು ಅವರು ತಾವಾಗಿಯೇ ಕೊಟ್ಟರು. ಅದು ಕಾರೋ ಕಲ್ಯಾಣಮಂಟಪವೋ ಎಂದು ನೋಡಿದವರಿಗೆ ಅನುಮಾನ ಬರಬೇಕು, ಅಷ್ಟು ದೊಡ್ಡದು.

"ಹೇಗೆ ಬಿಡುವುದು ಅಂತ ತೋರಿಸ್ಬೇಕಾ?" ಎಂದರು.

"ಕುಂಞಿಚ್ಚ, ಇದರಲ್ಲಿ ಬಿಡ್ಲಿಕ್ಕೆ ಎಂತ ಉಂಟು? ಕೂತರೆ ಆಯ್ತು" ಎಂದ ಸಾದುಲ್ಲಾ.

ಕೂತ. ಎಂಟು ಗಂಟೆಗೆ ಹೊರಟ. ಮೊದಲ ತಿರುವಿನಲ್ಲಿ ಎಡಗಾಲು ಹಳೆಯ ಚಾಳಿಯಂತೆ ಕ್ಲಚ್ಚು ಹುಡುಕಿ, ಅಗಲವಾಗಿ ಸಿಕ್ಕಿದ್ದನ್ನು ಬಲವಾಗಿ ಒತ್ತಿತು. ಅದು ಬ್ರೇಕು! ಗಾಡಿ ನಿಂತಲ್ಲೇ ಮೂಗು ತಗ್ಗಿಸಿತು. ಉಝ್ಮಾಳ ತೊಡೆಯ ಮೇಲಿದ್ದ ಫೈಲಿನಿಂದ ಅವಳ ವಿದ್ಯಾಭ್ಯಾಸವೆಲ್ಲ ಹಾರಿ ಕಾಲಬುಡಕ್ಕೆ ಬಿತ್ತು.

"ಎಂತ ಆಯ್ತು?"

"ಬ್ರೇಕ್ ಪರೀಕ್ಷೆ ಮಾಡಿದ್ದು. ಬೇರೆಯವರ ಗಾಡಿ ಅಲ್ವಾ?"

ಉಝ್ಮಾ ಅಂಕಪಟ್ಟಿಗಳನ್ನು ಹೆಕ್ಕಿಕೊಂಡಳು. ಗಡಿಬಿಡಿಯಲ್ಲಿ ಬೆಳಿಗ್ಗೆ ಚಹಾ ಕುಡಿದಿರಲಿಲ್ಲ, ತಲೆ ಸಿಡಿಯುತ್ತಿತ್ತು. ಕಾಫಿ ಅಂಗಡಿ ಕಂಡಿತು. ಆದರೆ ಆ ಗಾತ್ರದ ಗಾಡಿ ನಿಲ್ಲಿಸಲು ಎಲ್ಲೂ ಜಾಗವಿಲ್ಲ. ಉಳಿದದ್ದು ಗಾಡಿಯಲ್ಲೇ ಕೂತು ಕಾಫಿ ಕೊಳ್ಳುವ ಕಿಟಕಿಯ ಮುಂದಿನ ಕಾರುಗಳ ಸಾಲು ಮಾತ್ರ.

"ನಿನಗೋಸ್ಕರ ಹೋಗುವುದು, ನೆನಪಿರಲಿ" ಎಂದು ಸಾದುಲ್ಲಾ ಸಾಲು ಸೇರಿದ.

ಕಿಟಕಿಯ ಹುಡುಗಿ ಎರಡು ಲೋಟ ಕೊಟ್ಟಳು. ಮುಂದಿನ ಕಾರು ಹೋಯಿತು. ಹೊರಡಬೇಕು ಅನ್ನುವಷ್ಟರಲ್ಲಿ ಎಡಗಾಲು ಮತ್ತೆ ಎಚ್ಚೆತ್ತಿತು. ಈ ಸಲ ಬಾಗಿಲ ಪಕ್ಕದ ಮೂಲೆಯಲ್ಲಿ ಚಿಕ್ಕದೊಂದು ಪೆಡಲ್ ಸಿಕ್ಕಿತು. ಒತ್ತಿದ. ಕರ್ರ್ ಎಂದು ಕೆಳಗಿಳಿದದ್ದು ಮೇಲೆ ಬರಲಿಲ್ಲ. ಆಕ್ಸಿಲರೇಟರ್ ತುಳಿದ. ಗಾಡಿ ಅರ್ಧ ಗೇಣು ಜರುಗಿ, ಘರ್ಜಿಸಿ, ಅಲ್ಲೇ ನಿಂತಿತು. ಎದುರಿಗೆ ಒಂದು ಕೆಂಪು ದೀಪ ಹೊತ್ತಿಕೊಂಡಿತು.

"ಹೋಯ್ತು! ಗೇರ್ ಬಾಕ್ಸ್ ಹೋಯ್ತು! ನಾನು ಹೇಳಿರ್ಲಿಲ್ವಾ?"

"ನೋಡಿ, ಆ ಕೆಂಪು ದೀಪ..." ಎಂದಳು ಉಝ್ಮಾ.

"ನೀನು ಸುಮ್ಮನಿರು ಮಾರಾಯ್ತಿ, ಇದು ಎಂಜಿನಿನ ವಿಷಯ."

ಹಿಂದೆ ಏಳು ಕಾರುಗಳು ಒಟ್ಟಿಗೇ ಹಾರ್ನ್ ಹೊಡೆದವು. ಇಳಿಯೋಣವೆಂದರೆ ಸಾಲು ಇಕ್ಕಟ್ಟು, ಬಾಗಿಲು ತೆರೆಯದು. ಕುಂಞಿಯವರಿಗೆ ಫೋನ್ ಮಾಡಿದರೆ ಕ್ಯಾಂಟೀನಿನ ಗದ್ದಲದಲ್ಲಿ ಅವರು ಎತ್ತಲಿಲ್ಲ. ಸಾದುಲ್ಲಾ ಸ್ಟಿಯರಿಂಗಿನ ಪಕ್ಕದ ಹಿಡಿಗಳಲ್ಲಿ ವೈಪರ್ ಎಂದುಕೊಂಡು ಗೇರ್ ಎಳೆದ, ಗೇರ್ ಎಂದುಕೊಂಡು ಗಾಜಿಗೆ ನೀರು ಹಾರಿಸಿದ. ಆ ನೀರು ಸ್ವಲ್ಪ ಕಿಟಕಿಯ ಹುಡುಗಿಗೂ ಸಿಡಿಯಿತು. ಹಿಂದಿನ ಕಾರಿನಿಂದ ಯಾರೋ "ಯಲ್ಲಾ, ಯಲ್ಲಾ!" ಎಂದು ಕೂಗಿ ಅವಸರಪಡಿಸಿದರು.

ಇಪ್ಪತ್ತು ನಿಮಿಷ ಹೀಗೇ ಕಳೆಯಿತು. ಗಂಟೆ ಎಂಟೂ ನಲವತ್ತು. ಉಝ್ಮಾ ಕಾಫಿ ಮುಗಿಸಿ ಲೋಟವನ್ನು ಗುಂಡಿಯಲ್ಲಿಟ್ಟಳು.

"ನೀವು ಸ್ವಲ್ಪ ಹಿಂದಿನ ಸೀಟಿಗೆ ಹೋಗಿ."

ಅವಳ ದನಿಯಲ್ಲಿ ಚರ್ಚೆಗೆ ಜಾಗವಿರಲಿಲ್ಲ. ಸಾದುಲ್ಲಾ ಸೀಟುಗಳ ನಡುವೆ ನುಸುಳಿ ಹಿಂದೆ ಹೋಗಿ ಬಿದ್ದ. ಉಝ್ಮಾ ಇತ್ತ ಸರಿದು, ಸ್ಟಿಯರಿಂಗಿನ ಕೆಳಗಿದ್ದ ಹಿಡಿಯೊಂದನ್ನು ಎಳೆದಳು. ಟಪ್! ಕೆಂಪು ದೀಪ ಆರಿತು. ಗಾಡಿ ಬೆಣ್ಣೆಯಂತೆ ಮುಂದೆ ಹೋಯಿತು.

"ಅದೆಂತ ಅದು?"

"ನಮ್ಮ ಊರಿನ ಹ್ಯಾಂಡ್‌ಬ್ರೇಕ್. ಇದರಲ್ಲಿ ಕಾಲಿಗೆ ಕೊಟ್ಟಿದ್ದಾರೆ. ಡ್ರೈವಿಂಗ್ ಶಾಲೆಯ ಗಾಡಿಯಲ್ಲಿಯೂ ಹೀಗೇ ಇತ್ತು, ಮೊದಲನೇ ದಿನದ ಪಾಠ."

"ಮೊದಲೇ ಹೇಳ್ಬಾರದಿತ್ತಾ?"

"ಎಂಜಿನಿನ ವಿಷಯ ಅಂದ್ರಲ್ಲ."

ಹೆದ್ದಾರಿಯಲ್ಲಿ ಅವಳು ಒಂದೇ ವೇಗದಲ್ಲಿ ಹೋದಳು. ಲಾರಿಯನ್ನು ಹಿಂದಿಕ್ಕಿದಾಗಲೆಲ್ಲ ಹಿಂದೆ ಕೂತಿದ್ದ ಸಾದುಲ್ಲಾನ ಎಡಗಾಲು ಕಾಲೊರಸನ್ನು ಒತ್ತುತ್ತಿತ್ತು. ಬೇಡವೆಂದರೂ ಅವನಿಗೊಂದು ಸತ್ಯ ಹೊಳೆಯಿತು: ಇವಳು ಚೆನ್ನಾಗಿ ಬಿಡುತ್ತಾಳೆ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ತಲುಪಿದರು. ಉಝ್ಮಾ ಬಾಗಿಲ ಬಳಿಯೇ ನಿಲ್ಲಿಸಿ, "ಎಸಿ ಇರಲಿ, ಕೀಲಿ ಇಲ್ಲೇ ಉಂಟು" ಎಂದು ಫೈಲು ಹಿಡಿದು ಓಡಿದಳು.

ಐದು ನಿಮಿಷ ಕಳೆಯಿತೋ ಇಲ್ಲವೋ, ಹೈದರಾಬಾದಿನ ಕಾವಲುಗಾರನೊಬ್ಬ ಬಂದು ಗಾಜು ತಟ್ಟಿದ. ಹಿಂದಿಯಲ್ಲಿ, "ಭಾಯ್, ಇದು ಅಂಬುಲೆನ್ಸಿನ ಜಾಗ. ಗಾಡಿ ಸ್ವಲ್ಪ ಹಿಂದೆ ತಗೊಳ್ಳಿ" ಎಂದ.

ಸಾದುಲ್ಲಾ ಹಿಂದೆ ನೋಡಿದ. ಡಾಕ್ಟರುಗಳ ಹೊಸ ಕಾರುಗಳು ಸಾಲಾಗಿ ಹೊಳೆಯುತ್ತಿದ್ದವು. ತನ್ನ ಎಡಗಾಲನ್ನೂ ಒಮ್ಮೆ ನೋಡಿಕೊಂಡ.

"ಡ್ರೈವರ್ ಒಳಗೆ ಹೋಗಿದ್ದಾರೆ."

"ಕೀಲಿ ಇಲ್ಲೇ ಇದೆಯಲ್ಲ? ನಿಮಗೆ ಬಿಡಲಿಕ್ಕೆ ಬರುವುದಿಲ್ಲವಾ?"

ಹತ್ತೊಂಬತ್ತು ವರ್ಷಗಳ ಚಾಲಕ ಗಂಟಲು ಸರಿಮಾಡಿಕೊಂಡ. "ಇಲ್ಲ ಭಾಯ್. ಬರುವುದಿಲ್ಲ."

ಕಾವಲುಗಾರನ ಮುಖದಲ್ಲಿ ಎಷ್ಟು ಕನಿಕರ ಮೂಡಿತೆಂದರೆ, ಅವನು ಗಾಡಿ ತೆಗೆಸುವ ಮಾತು ಬಿಟ್ಟು, ಅಡ್ಡಕ್ಕಿಡುವ ಹಳದಿ ಕಂಬ ತಂದು ಗಾಡಿಯ ಹಿಂದೆ ಇಟ್ಟು, ಅಲ್ಲೇ ಕಾವಲು ನಿಂತ.

ಮುಕ್ಕಾಲು ಗಂಟೆಯ ಮೇಲೆ ಉಝ್ಮಾ ಹೊರಬಂದಳು. ಭಾನುವಾರದಿಂದಲೇ ಕೆಲಸಕ್ಕೆ ಬರಬೇಕಂತೆ! ಸಾದುಲ್ಲಾ ಖುಷಿಯಿಂದ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾವಲುಗಾರ ಅವಳ ಬಳಿ ಬಂದು ದನಿ ತಗ್ಗಿಸಿದ.

"ಮೇಡಂ, ಸಾಹೇಬರಿಗೂ ಸ್ವಲ್ಪ ಡ್ರೈವಿಂಗ್ ಕಲಿಸಿಕೊಡಿ. ಪಾಪ, ನಾಚಿಕೆಪಟ್ಟುಕೊಂಡು ಹೇಳಿದರು."

ಉಝ್ಮಾ ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದಳು. ಸಾದುಲ್ಲಾ ಆಚೆಯ ಕಿಟಕಿಯಲ್ಲಿ ಆಕಾಶ ನೋಡುತ್ತಿದ್ದ.

"ಮನೆಯವರಿಗೆ ನಾವೇ ಕಲಿಸಿದರೆ ಜಗಳ ಆಗ್ತದೆ ಭಾಯ್" ಎಂದಳು. "ಶಾಲೆಗೇ ಸೇರಿಸ್ತೇನೆ."