ಕಂಬಳಿ ಹೊದ್ದ ಎಂಜಿನ್ನು

ಶಿಕಾರಿಪುರದಿಂದ ಸೊರಬಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೊರಟು, ಬರೀ ಸೈಕಲ್ಲು ತುಳಿದವನಿಗಿಂತ ತಡವಾಗಿ ಮುಟ್ಟಿದ ಮಹಾಪುರುಷರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಭಾವ. ಸೈಕಲ್ಲು ತುಳಿದವನು ನಾನು.

ಭಾವನಿಗೆ ಶಿಕಾರಿಪುರದ ಹತ್ತಿರ ಹೊಲ, ಒಂದು ಕುರಿಮಂದೆ. ನಮ್ಮಕ್ಕನ ತವರು ಸೊರಬ. ನಡುವೆ ಬಸ್ಸಿದೆ, ಅದೇ ತೊಂದರೆ. ಬಸ್ಸು ಹತ್ತಿದರೆ ಅಕ್ಕನಿಗೆ ವಾಂತಿ. ಒಮ್ಮೆ ಬಾಯಿಗೆ ಸೆರಗು ಒತ್ತಿಕೊಂಡು "ನಿಲ್ಸ್ರಿ, ನಿಲ್ಸ್ರಿ" ಎಂದು ಬೇಡಿದರೂ ಬಸ್ಸು ನಿಲ್ಲಲಿಲ್ಲ. ಮುಂದಿನ ಸೀಟಿನ ಯಜಮಾನರ ರುಮಾಲಿಗೆ ಅಭಿಷೇಕವಾಯಿತು. ಬಸ್ಸಿಗೆ ಬಸ್ಸೇ ಬೈದದ್ದನ್ನು ಕೇಳಿ ಇಳಿದವಳು ಮತ್ತೆ ಬಸ್ಸು ಹತ್ತಲಿಲ್ಲ. ಎತ್ತಿನ ಗಾಡಿಯ ಕುಲುಕಾಟ ಅವಳ ಸೊಂಟಕ್ಕೆ ಆಗದು. ಅತ್ತ ನಮ್ಮ ಅವ್ವನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. "ಪೂರಾ ಕತ್ಲಾಗೋದ್ರೊಳಗೆ ಮಗಳ ಮುಖ ಒಂದ್ಸಲ ನೋಡ್ಬೇಕು ಕಣೋ" ಎಂದು ನನ್ನ ಹತ್ತಿರ ಹೇಳಿಕಳಿಸಿದ್ದಳು.

ಇದಕ್ಕೆ ಭಾವ ಹುಡುಕಿದ ಉಪಾಯ ಏನು ಗೊತ್ತೇ? ಕೊಬ್ಬಿದ ಟಗರು ಕೊಟ್ಟು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿಹೋಗಿದ್ದ ಮೋಟಾರ್ ಸೈಕಲ್ಲೊಂದನ್ನು ತಂದರು. ಓಡಿಸಿಕೊಂಡಲ್ಲ, ಎತ್ತಿನ ಗಾಡಿಯ ಮೇಲೆ ಮಲಗಿಸಿಕೊಂಡು!

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನೀರೆತ್ತುವ ಎಂಜಿನ್ನಿರಲಿ, ಹಿಟ್ಟಿನ ಗಿರಣಿಯಿರಲಿ, ಮೂಕಾಯಿತು ಅಂದರೆ ಅಂಜನಾಪುರದವರೆಗೂ ನನಗೇ ಕರೆ. ಹೆಮ್ಮೆಯೇ? ಹೌದು, ಹೆಮ್ಮೆಯೇ. ಬೆವರು ಸುರಿಸಿ ಸಂಪಾದಿಸಿದ್ದನ್ನು ಯಾಕೆ ಮುಚ್ಚಿಡಲಿ?

ಎಂಜಿನ್ನಿನ ತಲೆ ಬಿಚ್ಚಿ ನೋಡಿದೆ. ಮಳೆನೀರು ಇಳಿದು, ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡಬೇಕಾದ ಪಿಸ್ಟನ್ನು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹೊಯ್ದೆ. ಅಲುಗಲಿಲ್ಲ. ಮರದ ಕೊಡತಿ ಎತ್ತಿದೆ. ಭಾವ ಕೈ ಹಿಡಿದರು.

"ಹೊಡಿಬ್ಯಾಡ."

"ಮರದ್ದು ಭಾವ ಇದು. ಮೆಲ್ಲಗೆ ಹೊಡಿತೀನಿ."

"ನಿನಗೆ ಮೆಲ್ಲಗೆ. ಅದಕ್ಕೆ? ಒಡೆದ್ರೆ ಇನ್ನೊಂದು ಎಲ್ಲಿಂದ ತರ್ತಿ? ಇನ್ನೊಂದು ಯುದ್ಧ ಆಗ್ಲಿ ಅಂತ ಕಾಯ್ಬೇಕೇನು?"

ಮಾತು ಸರಿಯೇ. ಆ ಗಾಡಿಯ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಸಿಲಿಂಡರು ಸೀಳಿದರೆ ಅಕ್ಕನ ತವರಿನ ದಾರಿಯೂ ಮುಚ್ಚಿದಂತೆಯೇ.

"ಮತ್ತೇನ್ ಮಾಡ್ಲಿ?"

"ಕುರಿ ಈಯಕ್ಕೆ ಒದ್ದಾಡ್ತಿದ್ರೆ ಕೊಡತಿ ತಗೊಂಡು ಹೊಡಿತಾರೇನೋ ತಮ್ಮ?"

ಶುರುವಾಯಿತು ನೋಡಿ ಹೆರಿಗೆ! ಬೆಚ್ಚಗಿನ ಹರಳೆಣ್ಣೆ ಬಂತು. ಅಕ್ಕನ ತಲೆಗೆಂದು ಇಟ್ಟಿದ್ದೆಲ್ಲ ಎಂಜಿನ್ನಿನ ತಲೆಗೆ ಹೋಯಿತು. ಕುದಿನೀರಿನಲ್ಲಿ ಅದ್ದಿದ ಗೋಣಿತಾಟನ್ನು ಸಿಲಿಂಡರಿಗೆ ಸುತ್ತಿದರು. ಶಾಖ ಆರಬಾರದೆಂದು ಅದರ ಮೇಲೆ ತಮ್ಮ ಕಂಬಳಿ ಹೊದಿಸಿದರು. ದಾರಿಹೋಕರು ಇಣುಕಿ, "ಏನ್ರೀ, ಗಾಡಿಗೆ ಜ್ವರ ಬಂದೈತಾ?" ಎಂದರೆ, ಭಾವ ಮುಖ ಗಂಟಿಕ್ಕಿ, "ಹೌದ್ರಿ, ಸ್ವಲ್ಪ ಮೆಲ್ಲಗೆ ಮಾತಾಡ್ರಿ" ಎನ್ನುತ್ತಿದ್ದರು.

"ಮದುವಿ ಆದಾಗಿಂದ ಒಂದು ದಿನ ನನಗೆ ಕಂಬಳಿ ಹೊದಿಸಿದ ಮನುಷ್ಯ ಅಲ್ಲ" ಎಂದು ಅಕ್ಕ ನನ್ನೆದುರು ಗೊಣಗಿದಳು.

ದಿನಾ ಇದೇ ಆರೈಕೆ. ಕೊನೆಗೊಂದು ಬೆಳಿಗ್ಗೆ ಭಾವ ಬಿಸಿ ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿ, ಅತ್ತ ಒಂಚೂರು, ಇತ್ತ ಒಂಚೂರು ಅಲುಗಿಸುತ್ತ, "ಬಾ ನನ್ನವ್ವ, ಬಾ" ಎನ್ನುತ್ತಿದ್ದಾಗ ಒಳಗೆ ಟಕ್ ಎಂದಿತು. ಸಿಲಿಂಡರು ಮೇಲೆದ್ದಿತು, ಕೆಳಗೆ ಪಿಸ್ಟನ್ನಿನ ಬುಡ ಕಂಡಿತು.

"ನೋಡ್ದೇನು? ಹಿಂಗಾಲು ಮೊದ್ಲು ಬಂದೈತಿ. ಅದಕ್ಕೇ ಇಷ್ಟು ಹಟ."

ಪೂರ್ತಿ ಬಿಡಿಸಿ, ಕಂಬಳಿಯ ಅಂಚಿನಿಂದ ಪಿಸ್ಟನ್ನನ್ನು ಒರೆಸಿದರು. ಮುತ್ತೂ ಕೊಟ್ಟರೆಂದು ಅಕ್ಕ ಹೇಳುತ್ತಾಳೆ, ನಾನು ಆಣೆಯಿಡಲಾರೆ. ತುಕ್ಕು ತಿಕ್ಕಿ ಎಲ್ಲವನ್ನೂ ಮತ್ತೆ ಜೋಡಿಸಿದವನು ಮಾತ್ರ ನಾನು, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಗಾಡಿ ಗುಡುಗಿದ ಸದ್ದಿಗೆ ಕುರಿಗಳೆಲ್ಲ ಬೇಲಿ ಹಾರಿದವು.

ಅಕ್ಕನನ್ನು ಹಿಂದೆ ಕೂರಿಸಿಕೊಂಡು ಭಾವ ಹೊರಟರು. ಎಲ್ಲಾದರೂ ಕೆಟ್ಟರೆ ಇರಲಿ ಎಂದು ಪಾನಾ ಚೀಲ ತೂಗುಹಾಕಿಕೊಂಡು ನಾನು ಸೈಕಲ್ಲಿನಲ್ಲಿ ಒಂದಿಷ್ಟು ಮೊದಲೇ ಹೊರಟಿದ್ದೆ. ಶಿರಾಳಕೊಪ್ಪ ದಾಟಿದರೂ ನಾನೇ ಮುಂದೆ! ಮರದಡಿ ಕಾದೆ. ಗಾಡಿಯ ಸುಳಿವಿಲ್ಲ. ಮತ್ತೆ ಪಿಸ್ಟನ್ನು ಕಚ್ಚಿಕೊಂಡಿತೇನೋ ಎಂದು ಹಿಂದಿರುಗಿ ತುಳಿದೆ.

ಗಾಡಿ ರಸ್ತೆಯಂಚಿಗೆ ನಿಂತಿತ್ತು. ಅದಕ್ಕೇನೂ ಆಗಿರಲಿಲ್ಲ. ಅಕ್ಕ ಬಗ್ಗಿ ವಾಂತಿ ಮಾಡುತ್ತಿದ್ದಳು. ಭಾವ ಅವಳ ಹಣೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು.

"ಏನ್ ಭಾವ, ಇದ್ರಲ್ಲೂ ವಾಂತಿನೇ? ಇಷ್ಟು ಒದ್ದಾಡಿದ್ದೆಲ್ಲ ದಂಡ ಆಯ್ತಲ್ಲ."

"ದಂಡ ಯಾಕಾತು? ಹಾದಿ ತುಂಬ ನಿಂತ್ಕೊಂತನೇ ಬಂದೀವಿ. ಆಕಿ ನಿಲ್ಸು ಅಂದಲ್ಲಿ ನಿಲ್ತತಿ ನೋಡು ಇದು. ಅದಕ್ಕೇ ತಂದಿದ್ದು."

ಹೆಗಲ ಮೇಲಿನ ಕಂಬಳಿ ತೆಗೆದು ಅಕ್ಕನಿಗೆ ಹೊದಿಸಿದರು. "ಥೂ, ಹರಳೆಣ್ಣೆ ನಾತ" ಎಂದಳು ಅಕ್ಕ. ಆದರೆ ಸೊರಬ ಮುಟ್ಟುವವರೆಗೂ ಅದನ್ನು ತೆಗೆಯಲಿಲ್ಲ.

ನಾನು ಮೊದಲೇ ಹೋಗಿ ಸುದ್ದಿ ಮುಟ್ಟಿಸಿದ್ದರಿಂದ ಅವ್ವ ಜಗಲಿಗೆ ಬಂದು ಕೂತಿದ್ದಳು. ಅಕ್ಕ ಇಳಿದು ಎದುರಿಗೆ ಕುಕ್ಕರಿಸಿದಳು. ಅವ್ವ ಕಂಬಳಿ ಸರಿಸಿ, ಮಗಳ ಮುಖವನ್ನು ಬಿಸಿಲಿಗೆ ತಿರುಗಿಸಿಕೊಂಡು, ತೀರ ಹತ್ತಿರದಿಂದ ನೋಡತೊಡಗಿದಳು. ನೆರೆಹೊರೆಯವರು ಗಾಡಿ ನೋಡಲು ಗದ್ದಲ ಮಾಡುತ್ತ ಮುತ್ತಿಕೊಂಡರು. ಭಾವ ಎಂಜಿನ್ನು ಆರಿಸಿ, ಅವರ ಕಡೆ ತಿರುಗಿ, "ಸ್ವಲ್ಪ ಮೆಲ್ಲಗೆ ಮಾತಾಡ್ರಿ" ಎಂದರು.