ವೆಬ್‌ಸೈಟಿಗೆ ಬಂದ ಮುಯ್ಯಿ

ನೆಲವಿಲ್ಲ, ಗೋಡೆಯಿಲ್ಲ, ಬಾಗಿಲಿಗೊಂದು ಹೊಸ್ತಿಲೂ ಇಲ್ಲ. ಆದರೂ ಅದಕ್ಕೆ ಬಾಡಿಗೆ ಕಟ್ಟಬೇಕಂತೆ. ನನ್ನ ಸೊಸೆ ಕವಿತಳ ವೆಬ್‌ಸೈಟಿನ ವಿಚಾರ ಹೇಳುತ್ತಿದ್ದೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ನಮ್ಮ ಶಿಡ್ಲಘಟ್ಟ, ಈ ಊರುಗಳ ಮಧ್ಯೆ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಅನ್ನುವುದನ್ನೆಲ್ಲ ಅವಳೊಬ್ಬಳೇ ಅದರಲ್ಲಿ ಬರೆದು ಹಾಕುತ್ತಾಳೆ. ಮಂಚೇನಹಳ್ಳಿಯಲ್ಲಿರುವ ನನ್ನ ತಂಗಿ ಮಂಗಮ್ಮ ಒಲೆ ಮುಂದೆ ಕೂತು ಫೋನಿನಲ್ಲಿ ಬೆರಳಾಡಿಸಿ, ಸಾರು ಇಳಿಸಿ ಹೊರಟರೆ ಯಾವ ಬಸ್ಸು ಸಿಗುತ್ತದೆ ಅಂತ ಹೇಳುತ್ತಾಳೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಅದು ಸಾಕ್ಷಾತ್ ವಿಶ್ವರೂಪ ದರ್ಶನ. ಬ್ರಹ್ಮ ಹಣೆಯಲ್ಲಿ ಬರೆದದ್ದನ್ನು ಇದುವರೆಗೆ ಯಾರೂ ಓದಿಲ್ಲ. ನಮ್ಮ ಕವಿತ ಬರೆದದ್ದನ್ನು ಮಂಚೇನಹಳ್ಳಿಯವರೂ ಓದುತ್ತಾರೆ.

"ಜಾಹೀರಾತು ಸಿಗದಿದ್ರೆ ಈ ತಿಂಗಳಿಗೇ ಮುಚ್ಚಿಬಿಡ್ತೀನಿ ಅತ್ತೆ" ಅಂದಳು ಒಂದು ದಿನ. ಅವತ್ತಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. (ನಮ್ಮ ಯಜಮಾನರು ಎರಡು ಸಲ ಬಡಿಸಿಕೊಂಡರು. ಅವರ ಬಿ.ಪಿ.ಗೆಂದೇ ಮಾಡಿದ ವಿಶೇಷ ಅಡುಗೆ ಅಂದುಕೊಂಡರಂತೆ.)

ಅವಳ ಜೊತೆ ನಾನೂ ಅಂಗಡಿಗಳಿಗೆ ಹೋದೆ. ಪೇಂಟ್ ಅಂಗಡಿ ವೆಂಕಟರವಣಪ್ಪನವರ ಮುಂದೆ ಲ್ಯಾಪ್‌ಟಾಪ್ ಬಿಚ್ಚಿಟ್ಟು, ದಿನಕ್ಕೆ ಎಷ್ಟು ಜನ ನೋಡುತ್ತಾರೆ, ಎಲ್ಲೆಲ್ಲಿಂದ ನೋಡುತ್ತಾರೆ ಅಂತ ಹರಿಕಥೆಯ ಹಾಗೆ ವಿವರಿಸಿದಳು. ಅವರು ಟೀ ತರಿಸಿದರು.

"ಎಲ್ಲಾ ಚೆನ್ನಾಗೈತಮ್ಮಾ. ಆದ್ರೆ ನಮ್ಮ ಅಂಗಡಿ ಯಾರಿಗೆ ಗೊತ್ತಿಲ್ಲ ಹೇಳು?"

ಸ್ಟೀಲ್ ಪಾತ್ರೆ ಅಂಗಡಿಯ ಮಧುಸೂದನ್ ಬಾದಾಮಿ ಹಾಲು ತರಿಸಿ, "ಮುಂದಿನ ತಿಂಗಳು ನೋಡಣ" ಅಂದರು. ಬಟ್ಟೆ ಅಂಗಡಿಯಲ್ಲಿ ಕಾಫಿ. ಹೊಟ್ಟೆ ತುಂಬಿತು, ವೆಬ್‌ಸೈಟು ಖಾಲಿ.

ನಾನು ಮಾತಾಡುವವಳಲ್ಲ, ಕೇಳಿಸಿಕೊಳ್ಳುವವಳು. ಕೇಳಿಸಿಕೊಂಡು ಒಂದು ಸತ್ಯ ಹೊಳೆಯಿತು. ನಮ್ಮ ಕಡೆ ಕೇಳಿದರೆ ಯಾರೂ ಕೊಡುವುದಿಲ್ಲ, ಕರೆದರೆ ಯಾರೂ ತಪ್ಪಿಸುವುದಿಲ್ಲ. ಕುಂಕುಮದ ಬಟ್ಟಲು, ಅಕ್ಷತೆ ಎತ್ತಿಕೊಂಡೆ.

"ಕಂಪ್ಯೂಟರ್‌ಗೆ ಯಾರಾದ್ರೂ ಅಕ್ಷತೆ ಕೊಟ್ಟು ಕರೀತಾರೇನೆ?" ಅಂದರು ಯಜಮಾನರು.

"ಆಯುಧಪೂಜೇಲಿ ಅದಕ್ಕೆ ಬೂದುಗುಂಬಳ ಒಡೆದೋರು ಯಾರು?" ಅಂದೆ. ಪೇಪರ್ ಅಡ್ಡ ಹಿಡಿದುಕೊಂಡರು.

ಒಂದೊಂದು ಅಂಗಡಿಯವರ ಮನೆಗೂ ಹೋಗಿ ಹೆಂಗಸರಿಗೆ ಕುಂಕುಮ ಇಟ್ಟೆ. "ಭಾನುವಾರ ನಮ್ಮ ಕವಿತನ ವೆಬ್‌ಸೈಟಿಗೆ ಬರಬೇಕು. ಕೈಲಾದ್ದು ಮಾಡಬೇಕು." ಜಾಹೀರಾತು ಅನ್ನುವ ಮಾತು ಬಾಯಿಗೆ ಬರಲಿಲ್ಲ, ಸಂಕೋಚ. ವೆಂಕಟರವಣಪ್ಪನವರು, "ಏಮಕ್ಕಾ, ಛತ್ರದಲ್ಲಾ, ಮನೇಲೇನಾ?" ಅಂದರು. "ಮನೇಲೇ ಕಣಪ್ಪ" ಅಂದೆ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಭಾನುವಾರ ಕವಿತ ತಲೆಗೆ ಎಣ್ಣೆ ಮೆತ್ತಿಕೊಂಡು ನೆಲ ಒರೆಸುತ್ತಿದ್ದಳು. ವೆಂಕಟರವಣಪ್ಪನವರು ಹೆಂಡತಿ, ತಾಯಿ, ಷಡ್ಡಕನ ಸಂಸಾರ ಸಮೇತ ಬಾಗಿಲಲ್ಲಿ ನಿಂತರು. ಹಿಂದೆಯೇ ಸ್ಟೀಲ್ ಅಂಗಡಿ, ಅದರ ಹಿಂದೆ ಬಟ್ಟೆ ಅಂಗಡಿ. ಎಲ್ಲರೂ ರೇಷ್ಮೆಯಲ್ಲಿ.

"ಎಲ್ಲಮ್ಮಾ ವೆಬ್‌ಸೈಟು? ಮೊದ್ಲು ನೋಡಿಬಿಡಣ, ಆಮೇಲೆ ಊಟ."

ಕವಿತ ನನ್ನ ಮುಖ ನೋಡಿದಳು. ನಾನು ಒಲೆಯ ಮುಖ ನೋಡಿದೆ. ಯಜಮಾನರು ಯಾರೂ ಹೇಳದೆಯೇ ಚೀಲ ಹಿಡಿದು ಹೋಟೆಲಿನ ಕಡೆ ಓಡಿದರು. (ಮದುವೆಯಾದಾಗಿನಿಂದ ಅಂಥ ವೇಗ ಕಂಡಿರಲಿಲ್ಲ.) ವೆಂಕಟರವಣಪ್ಪನವರ ತಾಯಿ ಲ್ಯಾಪ್‌ಟಾಪಿಗೆ ಅಕ್ಷತೆ ಹಾಕಿ, "ಚಲ್ಲಗಾ ಉಂಡಮ್ಮಾ", ತಣ್ಣಗಿರು ತಾಯಿ ಅಂತ ತೆಲುಗಿನಲ್ಲಿ ಹರಸಿದರು. ಆ ಅಕ್ಕಿಕಾಳು ಇವತ್ತಿಗೂ ಅದರ ಕೀಲಿಗಳ ಸಂದಿಯಲ್ಲಿದೆ.

ಉಂಡು, ಎಲೆ ಅಡಿಕೆ ಹಾಕಿಕೊಂಡು, ಮುಯ್ಯಿ ಮಾಡಿದರು. ವೆಂಕಟರವಣಪ್ಪನವರದು ಗೋಡೆ ಗಡಿಯಾರ, ನಟ್ಟನಡುವೆ ಅವರ ಅಂಗಡಿಯ ಹೆಸರು. ಮಧುಸೂದನ್ ಅವರದೂ ಗಡಿಯಾರ. ಬಟ್ಟೆ ಅಂಗಡಿಯವರದೂ.

"ಬಸ್ ಟೈಮಿನ ವೆಬ್‌ಸೈಟಿಗೆ ಇದಕ್ಕಿಂತ ಒಪ್ಪೋದು ಏನೈತಮ್ಮಾ?" ಅನ್ನುತ್ತ ವೆಂಕಟರವಣಪ್ಪನವರು ತಾವೇ ಮೊಳೆ ಹೊಡೆದು ನೇತುಹಾಕಿದರು. ಉಳಿದವರು ಬಿಡುತ್ತಾರೆಯೇ? ಸಾಯಂಕಾಲಕ್ಕೆ ನಮ್ಮ ಹಜಾರದ ಗೋಡೆ ಗಡಿಯಾರದ ಸಂತೆಯಾಗಿತ್ತು. ಸೊಸೆಯ ವೆಬ್‌ಸೈಟಿನಲ್ಲಿ ಜಾಹೀರಾತೇ ಇಲ್ಲ, ನನ್ನ ಗೋಡೆಯಲ್ಲಿ ಜಾಗವೇ ಇಲ್ಲ.

ಕವಿತ ಬೈಯಲಿಲ್ಲ. ಗೋಡೆಯನ್ನೇ ನೋಡುತ್ತ ಕೂತವಳು ನಗತೊಡಗಿದಳು. ಅದರದೊಂದು ಫೋಟೋ ತೆಗೆದು, 'ಇವರ ಹಾರೈಕೆಯೊಂದಿಗೆ' ಅಂತ ಬರೆದು ಮೊದಲ ಪುಟಕ್ಕೆ ಹಾಕಿದಳು. ಮಾರನೆಯ ದಿನವೇ ವೆಂಕಟರವಣಪ್ಪನವರ ಫೋನು.

"ಅಮ್ಮಾ ಕವಿತ, ಗೌರಿಬಿದನೂರಿಂದ ನಮ್ಮ ಬೀಗರು ನೋಡಿ ಹೇಳಿದ್ರು. ಸ್ಟೀಲ್ ಅಂಗಡೀದು ಪೂರ್ತಿ ಕಾಣ್ತೈತಂತೆ, ನಮ್ದು ಅರ್ಧ. ಪೂರ್ತಿ ಕಾಣಕ್ಕೆ ಏನು ಕೊಡಬೇಕಮ್ಮಾ?"

ಇಲ್ಲದ ಗೋಡೆಯ ಮೇಲಿನ ಜಾಗಕ್ಕೆ ಊರಿನ ದೊಡ್ಡ ಅಂಗಡಿಗಳು ಪೈಪೋಟಿಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ವರ್ಷದ ಬಾಡಿಗೆ ಹುಟ್ಟಿತು. ಸಾರಿಗೆ ಉಪ್ಪು ಬಂತು. (ಯಜಮಾನರು ಮುಖ ಸಿಂಡರಿಸಿದರು.)

ಒಂದೇ ತೊಡಕು. ಆ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತವೆ. ಪೇಂಟ್ ಅಂಗಡಿಯದನ್ನು ಸ್ಟೀಲ್ ಅಂಗಡಿಯದಕ್ಕೆ ಸರಿಮಾಡಲು ಯಜಮಾನರು ಸ್ಟೂಲು ಹತ್ತಿದ್ದಾಗಲೇ ವೆಂಕಟರವಣಪ್ಪನವರು ಒಳಗೆ ಬಂದು, "ಹಂಗಾರೆ ನಮ್ದು ತಪ್ಪು, ಅವರ್ದು ಸರಿ?" ಅಂತ ಮುಖ ಊದಿಸಿಕೊಂಡರು. "ಒಂದನ್ನೂ ಮುಟ್ಬೇಡಿ ಮಾವ, ಅವರೆಲ್ಲ ಸ್ಪಾನ್ಸರ್‌ಗಳು" ಅಂತ ಕವಿತ ಅಪ್ಪಣೆ ಮಾಡಿದಳು.

ಮುಯ್ಯಿ ಅಂದಮೇಲೆ ತೀರಿಸಲೇಬೇಕಲ್ಲ. ಹೋದ ವಾರ ಚಿಂತಾಮಣಿಯ ಛತ್ರದಲ್ಲಿ ವೆಂಕಟರವಣಪ್ಪನವರ ಮಗಳ ಮದುವೆ. ರೇಷ್ಮೆ ಸೀರೆ ಉಟ್ಟು ಗೋಡೆ ನೋಡಿದೆ. ಅವರ ಮನೆಯ ಮದುವೆಗೆ ಅವರ ಗಡಿಯಾರ ನೋಡಿ ಹೊರಡುವುದೇ ಮರ್ಯಾದೆ ಅನ್ನಿಸಿತು. ಕವಿತ ಹೇಳಿದ್ದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹೂ ಮುಡಿದು, ನಿಧಾನವಾಗಿ ಬಸ್ ಸ್ಟ್ಯಾಂಡಿಗೆ ಬಂದೆ.

"ಚಿಂತಾಮಣಿ ಬಸ್ಸಾ? ಆಗ್ಲೇ ಹೋಯ್ತಲ್ಲಮ್ಮ" ಅಂದ ಬಾಳೆಹಣ್ಣಿನ ಗಾಡಿಯವನು. ನನ್ನ ಸೀರೆ, ಕೈಯಲ್ಲಿದ್ದ ಉಡುಗೊರೆ ನೋಡಿ ಅವನಿಗೆ ಕನಿಕರ ಬಂತು. "ಟೈಮು ನೋಡ್ಕಂಡು ಬರಬಾರ್ದಾ? ನಮ್ಮೂರಲ್ಲೇ ಯಾರೋ ವೆಬ್‌ಸೈಟು ಮಾಡವ್ರಂತೆ, ಎಲ್ಲಾ ಬಸ್ಸಿಂದೂ ಐತೆ. ಮನೇಲಿ ಓದಿರೋರು ಯಾರೂ ಇಲ್ವಾ ನಿಮಗೆ?"